ದಿಲಾವರನ ಅರವತ್ಮೂರು ಗುಂಡಿಗಳು

ದಿಲಾವರ ನದಾಫನ ಅಂದಿನ ಎಲ್ಲ ಕಷ್ಟಗಳಿಗೂ ಮೂಲ ಒಂದು ಗುಂಡಿ. ಕಂಪ್ಯೂಟರಿನ ಪರದೆಯ ಬಲಮೂಲೆಯಲ್ಲಿ ಕಡಲೆಬೇಳೆಯಷ್ಟು ಗಾತ್ರಕ್ಕೆ ಕೂತಿದ್ದ ಒಂದು ಕೆಂಪು ಗುಂಡಿ.

ಆ ಕಂಪ್ಯೂಟರು ಇದ್ದದ್ದು ಗಜೇಂದ್ರಗಡದ ಒಂದು ಖಾಸಗಿ ದವಾಖಾನೆಯಲ್ಲಿ. ಬಂದ ರೋಗಿಗಳ ಹೆಸರನ್ನು ಅದರಲ್ಲಿ ಬರೆಯುವ ಕೆಲಸ ಶಹನಾಜಳದು. ಶಹನಾಜಳಿಗೂ ದಿಲಾವರನಿಗೂ ಮದುವೆ ಗೊತ್ತಾಗಿ ಎಂಟು ತಿಂಗಳಾಗಿತ್ತು. ಒಂದು ದಿನ ಅವಳು ಫೋನಿನಲ್ಲಿ ಅಳುವ ದನಿಯಲ್ಲಿ ಹೇಳಿದಳು.

"ಹೊಸ ಪೇಶಂಟ್ ಬಂದ್ರ 'ನ್ಯೂ' ಒತ್ತಬೇಕ್ರಿ. ಅದರ ಬಾಜೂಕ 'ಡಿಲೀಟ್' ಐತಿ. ಎರಡೂ ಕೆಂಪು, ಎರಡೂ ಒಂದ ಅಳತಿ. ಇವತ್ತ ರಾಜೂರ ಉಡಚವ್ವನ್ನ ಮೂರು ಸರ್ತಿ ಅಳಿಸಿಬಿಟ್ಟೆ. 'ನಾ ಇನ್ನೂ ಜೀವಂತ ಇದ್ದೀನವಾ, ಒಂದ ಸರ್ತಿ ಸರಿಯಾಗಿ ಬರದ ಬಿಡು' ಅಂತ ಮುದುಕಿ ಕೈ ಮುಗೀತು."

"ಒಟ್ಟ ಎಷ್ಟು ಗುಂಡಿ ಅದಾವ ಪರದಿ ಮ್ಯಾಲ?" ಎಂದ ದಿಲಾವರ.

"ಎಣಿಸೀನಿ. ಅರವತ್ಮೂರು."

ದಿಲಾವರನಿಗೆ ಮೈ ಉರಿದುಹೋಯಿತು. ಅವನು ಗಾದಿ ಹೊಲಿಯುವ ಮಹಮ್ಮದಸಾಬನ ಮಗ. ಗದುಗಿನಲ್ಲಿ ಡಿಪ್ಲೊಮಾ ಮುಗಿಸಿ, ರೋಣದ ಸೂಡಿ ಕ್ರಾಸಿನ ಹತ್ತಿರ ಒಂದು ಖೋಲಿಯಲ್ಲಿ ಎರಡು ಕಂಪ್ಯೂಟರು ಇಟ್ಟುಕೊಂಡು 'ದಿಲ್ ಕಂಪ್ಯೂಟರ್ಸ್' ನಡೆಸುತ್ತಿದ್ದ. ತಾನೇ ಪ್ರೋಗ್ರಾಮು ಬರೆಯುತ್ತಿದ್ದ. ಹಿಟ್ಟಿನ ಗಿರಣಿಯಲ್ಲಿ ಪಾಳಿ ಹಚ್ಚುವುದಕ್ಕೆ ಒಂದು, ಸಾಲಿಯ ಹಾಜರಿಗೆ ಒಂದು. ಎರಡರಲ್ಲೂ ಪರದೆಗೆ ಮೂರೇ ಗುಂಡಿ. ಎರಡನ್ನೂ ಯಾರೂ ತೆಗೆದುಕೊಂಡಿರಲಿಲ್ಲ. ಪ್ರೋಗ್ರಾಮು ಹೋಗದಿದ್ದರೂ ಅವನ ಅಭಿಪ್ರಾಯಗಳು ಮಾತ್ರ ಚಹಾದಂಗಡಿಯಲ್ಲಿ ದಿನವೂ ಬಿಸಿಬಿಸಿಯಾಗಿ ಹೊರಬೀಳುತ್ತಿದ್ದವು.

"ದೊಡ್ಡ ಕಂಪನಿಯವ್ರು ಎಸಿಯಾಗ ಕುಂತು ಪ್ರೋಗ್ರಾಮ್ ಬರೀತಾರ್ರೀ. ಅದನ್ನ ಒತ್ತಾಕಿ ಬೆವರಕೋತ ನಿಂತಿರ್ತಾಳ. ಬರದಾಂವ ಒಮ್ಮಿಯಾದ್ರೂ ಆಕಿ ಬೆನ್ನ ಹಿಂದ ನಿಂತು ನೋಡ್ಯಾನೇನು? ನಾಲ್ಕನೇ ಗುಂಡಿ ಹಾಕೂ ಮನಶ್ಯಾಗ ಮಂದಿ ಕೆಲಸ ಬ್ಯಾಡ, ತನ್ನ ಶಾಣ್ಯಾತನ ತೋರಸೂದು ಬೇಕು!"

ಕೇಳಿದವರು ಹೌದ್ಹೌದು ಅನ್ನುತ್ತಿದ್ದರು. ಹುಚ್ಚಪ್ಪ ಮಾತ್ರ, "ಇದನ್ನ ಬರದ ಕೊಡೋ ತಮ್ಮಾ, ಎರಡು ಕಾಲಂ ಖಾಲಿ ಅದಾವು" ಅಂದ. ಹುಚ್ಚಪ್ಪನದು 'ನಾಡ ಡಂಗುರ' ಎಂಬ ವಾರಪತ್ರಿಕೆ. ಸಂಪಾದಕ, ಮುದ್ರಕ, ಹಂಚುವವ ಎಲ್ಲ ಅವನೇ. ಬುಧವಾರ ಬೆಳಿಗ್ಗೆ ಮೊದಲ ಬಸ್ಸಿಗೆ ನರಗುಂದ, ಗಜೇಂದ್ರಗಡದ ಕಟ್ಟುಗಳನ್ನು ಹಾಕಿ, ರೋಣದ ಮೂವತ್ತು ಪ್ರತಿಗಳನ್ನು ತಾನೇ ಲೂನಾದ ಮೇಲೆ ಹಂಚುತ್ತಿದ್ದ.

ದಿಲಾವರ ಬರೆದ. ಶಹನಾಜಳ ಕಣ್ಣೀರು, ಉಡಚವ್ವನ ಕೈಮುಗಿತ, ತನ್ನ ನಾಲ್ಕು ವರ್ಷದ ಸಿಟ್ಟು ಎಲ್ಲವನ್ನೂ ಹಾಕಿ ಬರೆದ. ಆ ಪ್ರೋಗ್ರಾಮು ಮಾಡಿದ ಹುಬ್ಬಳ್ಳಿಯ 'ಸಪ್ತಬಿಂದು ಸಾಫ್ಟ್‌ವೇರ್' ಕಂಪನಿಯ ಹೆಸರನ್ನೂ ಬಿಡಲಿಲ್ಲ. "ಈ ಕಂಪನಿಯವರಿಗೆ ಕಣ್ಣಿದ್ದರೆ ಬೆರಳಿಲ್ಲ, ಬೆರಳಿದ್ದರೆ ಕಣ್ಣಿಲ್ಲ. ಇವರ ಪರದೆಯ ಮುಂದೆ ಕೂತವರು ಸಂತೆಯಲ್ಲಿ ತಪ್ಪಿಸಿಕೊಂಡ ಕೂಸಿನಂತೆ ಅಳುತ್ತಾರೆ" ಎಂದು ಬಿಸಿ ಮುಟ್ಟಿಸಿದ.

ಆ ಬುಧವಾರ ಎಂಟು ಗಂಟೆಗೆ ಪತ್ರಿಕೆ ಬಿಡಿಸಿ ನೋಡುತ್ತಾನೆ, ಲೇಖನ ಅಚ್ಚಾಗಿದೆ, ಹೆಸರಿಲ್ಲ! 'ನಮ್ಮ ಪ್ರತಿನಿಧಿಯಿಂದ' ಅಂತಷ್ಟೇ ಇದೆ. ದಿಲಾವರ ಪ್ರೆಸ್ಸಿಗೆ ಓಡಿದ.

"ಹುಚ್ಚಪ್ಪ ಕಾಕಾ, ನನ್ನ ಹೆಸರ ಎಲ್ಲಿ?"

"ಜಾಗಾ ಉಳೀಲಿಲ್ಲೋ. ನಿನ್ನ ಗುಂಡಿ ಪುರಾಣಾನ ಮುಗೀಲಿಲ್ಲ, ಇನ್ನ ಹೆಸರೆಲ್ಲಿ ತುರಕಲಿ?"

"ಊರ ಮಂದಿಗೆ ಗೊತ್ತಾಗೂದು ಬ್ಯಾಡೇನು ಬರದಾಂವ ಯಾರು ಅಂತ?"

ಹುಚ್ಚಪ್ಪನಿಗೆ ಲೂನಾ ಹತ್ತುವ ಅವಸರ. "ನಿನ್ನ ಅಂಗಡಿ ಸಿಕ್ಕಾ ಐತೆಲ್ಲ, ಹೊಡಕೋ" ಎಂದ.

ದಿಲಾವರ ಓಡಿಹೋಗಿ ಅಂಗಡಿಯ ರಬ್ಬರ್ ಸ್ಟ್ಯಾಂಪು ತಂದ. 'ದಿಲ್ ಕಂಪ್ಯೂಟರ್ಸ್, ದಿಲಾವರ ನದಾಫ, ರೋಣ' ಎಂದು ನೇರಳೆ ಶಾಯಿಯಲ್ಲಿ ಮೂವತ್ತು ಪ್ರತಿಗೂ, ಲೇಖನದ ಕೆಳಗೆ, ತಹಶೀಲ್ದಾರ ಕಚೇರಿಯ ಗುಮಾಸ್ತನಿಗಿಂತ ಜೋರಾಗಿ ಗುದ್ದಿದ. ಹುಚ್ಚಪ್ಪ ಹೊರಟ. ದಿಲಾವರ ಎದೆ ಉಬ್ಬಿಸಿಕೊಂಡು ಅಂಗಡಿಗೆ ಬಂದ.

ಒಂಬತ್ತಕ್ಕೆ ಮೊಬೈಲು ರಿಂಗಾಯಿತು.

"ದಿಲಾವರ ನದಾಫ ಏನ್ರಿ? ನಾ ಪ್ರಭುಲಿಂಗಪ್ಪ ಅಂತ, ಹುಬ್ಬಳ್ಳಿ ಸಪ್ತಬಿಂದು ಸಾಫ್ಟ್‌ವೇರ್ ಮಾಲಕ. ಆರು ತಿಂಗಳ ಹಿಂದ ನೀವೊಂದು ಅರ್ಜಿ ಹಾಕಿದ್ರೆಲ್ಲ, ರೋಣ, ನರಗುಂದ, ಗಜೇಂದ್ರಗಡಕ್ಕ ಒಬ್ಬಾಂವ ಬೇಕಾಗ್ಯಾನ್ರಿ. ನಮ್ಮ ಪ್ರೋಗ್ರಾಮ್ ಬಳಸೂ ಮಂದಿ ಎಲ್ಲೆರ ಸಿಕ್ಕೊಂಡ್ರ ಹೋಗಿ ಕಲಿಸಿ ಬರಾಂವ. ಇವತ್ತ ನರಗುಂದಕ್ಕ ನಮ್ಮ ತಂಗಿ ಮನಿಗೆ ಊಟಕ್ಕ ಬರಾಕತ್ತೀನಿ. ನಾಲ್ಕಕ್ಕ ನಿಮ್ಮ ಅಂಗಡಿಗೆ ಬಂದು ಮುಖಾಮುಖಿ ಮಾತಾಡಿ ಅಲ್ಲೇ ಆರ್ಡರ್ ಕೊಡ್ತೀನಿ."

ಅರ್ಜಿ ಹಾಕಿದ್ದು ನಿಜ. ದಿಲಾವರ ಹುಬ್ಬಳ್ಳಿಯ ಎಲ್ಲ ಕಂಪನಿಗಳಿಗೂ ಹಾಕಿದ್ದ. ಅವನ ಮಟ್ಟಿಗೆ ಅಭಿಪ್ರಾಯ ಬೇರೆ, ಅರ್ಜಿ ಬೇರೆ. ಸಂತೋಷದಲ್ಲಿ ಅವನು ಮೊದಲು ಮಾಡಿದ ಕೆಲಸವೆಂದರೆ ಶಹನಾಜಳ ತಂದೆ ಬಾಷಾಸಾಬರಿಗೆ ಫೋನು. ಬಾಷಾಸಾಬರದು ಒಂದೇ ಮಾತು: ನೌಕರಿಯ ಕಾಗದ ತೋರಿಸು, ನಿಕಾಹ್ ತಾರೀಖು ಹಿಡಿ; ಈ ತಿಂಗಳಲ್ಲಿ ಆಗದಿದ್ದರೆ ಇಳಕಲ್ಲಿನಿಂದ ಬಂದ ಇನ್ನೊಂದು ಸಂಬಂಧ ನೋಡುತ್ತೇನೆ.

"ಮಾಮಾ, ಇವತ್ತ ನಾಲ್ಕಕ್ಕ ಆರ್ಡರ್ ಸಿಗತೈತ್ರಿ!"

"ಖರೇನ? ನಾನೂ ಬರ್ತೀನಿ, ಕಣ್ಣಿಲೆ ನೋಡ್ತೀನಿ" ಅಂದರು ಬಾಷಾಸಾಬರು.

ಫೋನು ಇಟ್ಟ ದಿಲಾವರನ ಕಣ್ಣು ಮೇಜಿನ ಮೇಲಿದ್ದ ರಬ್ಬರ್ ಸ್ಟ್ಯಾಂಪಿನ ಮೇಲೆ ಬಿತ್ತು. ನಾಲ್ಕಕ್ಕೆ ಪ್ರಭುಲಿಂಗಪ್ಪ ಬರುತ್ತಾನೆ. ಊರ ತುಂಬ ಮೂವತ್ತು ಪ್ರತಿ. ಮೂವತ್ತರ ಮೇಲೂ ತನ್ನ ಹೆಸರು, ಅದೂ ನೇರಳೆ ಬಣ್ಣದಲ್ಲಿ, ತಾನೇ ಗುದ್ದಿದ್ದು!

ಬಾಗಿಲೆಳೆದುಕೊಂಡು ಅವನು ಬೀದಿಗೆ ಬಿದ್ದ.

ಮೊದಲು ಚಹಾದಂಗಡಿ. ಅಲ್ಲಿ ನಾಲ್ಕು ಪ್ರತಿ. "ಕೊಡ್ರಿ, ಕೊಡ್ರಿ, ತಪ್ಪ ಅಚ್ಚಾಗೇತಿ" ಎಂದು ಕಸಿದುಕೊಂಡ. ಆಮೇಲೆ ಕ್ಷೌರದಂಗಡಿ. ಕುರ್ಚಿಯಲ್ಲಿ ಕೂತ ಗಿರಾಕಿಯೊಬ್ಬ ಅರ್ಧ ಗಲ್ಲಕ್ಕೆ ಸಾಬೂನಿನ ನೊರೆ ಹಚ್ಚಿಸಿಕೊಂಡು ಉಡಚವ್ವನ ಪ್ರಸಂಗವನ್ನೇ ದೊಡ್ಡ ದನಿಯಲ್ಲಿ ಓದುತ್ತಿದ್ದ, ಉಳಿದವರು ನಗುತ್ತಿದ್ದರು. ಬೇರೆ ದಿನವಾಗಿದ್ದರೆ ದಿಲಾವರ ಆ ನಗೆಯನ್ನು ಕೇಳುತ್ತ ಸಂಜೆಯವರೆಗೂ ನಿಲ್ಲುತ್ತಿದ್ದ. ಇವತ್ತು ಕೈ ಹಾಕಿ ಎಳೆದ. ನೊರೆ ಪತ್ರಿಕೆಗೂ ಪತ್ರಿಕೆ ದಿಲಾವರನಿಗೂ ಬಂತು.

"ಯಾಕೋ, ಏನ್ ತಪ್ಪ ಬಂದೈತಿ ಅದರಾಗ?"

"ಏನಿಲ್ರಿ, ಸಣ್ಣ ತಪ್ಪು."

ಅಲ್ಲೇ ಅವನು ಎಡವಿದ್ದು. ರೋಣದಲ್ಲಿ ಸಣ್ಣ ತಪ್ಪಿಗೆ ಯಾರೂ ಹಾಗೆ ಓಡುವುದಿಲ್ಲ. ಹತ್ತೂವರೆಯ ಹೊತ್ತಿಗೆ ಊರಲ್ಲಿ ಸುದ್ದಿ ಎದ್ದಿತು: ಡಂಗುರದಲ್ಲಿ ಯಾರದೋ ಮನೆತನದ ಗುಟ್ಟು ಬಂದಿದೆಯಂತೆ, ಅದಕ್ಕೇ ನದಾಫರ ಹುಡುಗ ಆರಿಸಿಕೊಂಡು ಹೋಗುತ್ತಿದ್ದಾನಂತೆ. ಅಲ್ಲಿಯವರೆಗೆ ಪತ್ರಿಕೆಯನ್ನು ಮಡಚಿ ಇಟ್ಟಿದ್ದವರೆಲ್ಲ ತೆಗೆದು ಓದತೊಡಗಿದರು. ಗುಟ್ಟು ಸಿಗಲಿಲ್ಲವೆಂದು ಮತ್ತೊಮ್ಮೆ ಓದಿದರು. ಕೇಳಿದರೆ ಕೊಡಲೊಲ್ಲರು. ಒಬ್ಬ ಮಾಸ್ತರರು ಪ್ರತಿಯನ್ನು ಅಂಗಿಯೊಳಗೆ ಸೇರಿಸಿಕೊಂಡು, "ನಾ ಓದೇನ ಇಲ್ಲ" ಎಂದರು. ದಿಲಾವರ ಅವರ ಕಾಲು ಹಿಡಿದು ಅಂಗಿಯೊಳಗಿಂದ ಬಿಡಿಸಿಕೊಳ್ಳಬೇಕಾಯಿತು.

ಒಂದು ಗಂಟೆಗೆ ಇಪ್ಪತ್ತೇಳು ಪ್ರತಿ ಕೈಗೆ ಬಂದವು. ಇಪ್ಪತ್ತೆಂಟನೆಯದು ಕಾಯಿಪಲ್ಲೆ ಮಾರುವ ದೇವವ್ವನ ಹತ್ತಿರ ಇತ್ತು. ಹತ್ತಿರವೆಂದರೆ ಅವಳ ಕೆಳಗೆ. ಅದನ್ನು ಹಾಸಿಕೊಂಡು ಕೂತಿದ್ದಳು.

"ಯವ್ವಾ, ಸ್ವಲ್ಪ ಏಳು, ಆ ಪೇಪರ ಬೇಕು."

"ನಾ ಏನ್ ಓದಾಂಗಿಲ್ಲಪಾ, ಕುಂತೀನಿ ಅಷ್ಟ. ಕಲ್ಲ ಕಾದೈತಿ. ಕೊಟ್ರ ನಾ ಎಲ್ಲಿ ಕುಂಡ್ರಲಿ?"

ದಿಲಾವರ ಮನೆಗೆ ಓಡಿದ. ತಂದೆ ಊಟಕ್ಕೆ ಕೂತಿದ್ದ ಹೊತ್ತು ನೋಡಿ, ಅವನ ಅಂಗಡಿಯ ಮುಂದೆ ಹೊಲಿದಿಟ್ಟಿದ್ದ ತೊಟ್ಟಿಲ ಗಾದಿಯೊಂದನ್ನು ಕಂಕುಳಲ್ಲಿ ಒತ್ತಿಕೊಂಡು ಬಂದ. ದೇವವ್ವ ಗಾದಿಯ ಮೇಲೆ ಕೂತು ಒಮ್ಮೆ ಅಲುಗಾಡಿ ನೋಡಿ, "ನಾಳೆ ಒಂದು ಲೋಡನೂ ತಾ, ಬೆನ್ನಿಗೆ" ಅಂದಳು.

ಇಪ್ಪತ್ತೊಂಬತ್ತನೆಯದು ಶರೀಫಾಬಿಯ ಮಿರ್ಚಿ ಬಜಿಯ ಗಾಡಿಯಲ್ಲಿ ಪುಡಿಪುಡಿಯಾಗಿತ್ತು. ಒಂದೊಂದು ತುಂಡಿನಲ್ಲಿ ಎರಡೆರಡು ಬಜಿ ಸುತ್ತಿ ಸಾಲಾಗಿ ಇಟ್ಟಿದ್ದಳು. ಸ್ಟ್ಯಾಂಪಿನ ತುಂಡು ಯಾವ ಪುಡಿಕೆಯದೋ ತಿಳಿಯದೆ ದಿಲಾವರ ಒಂದೊಂದನ್ನೇ ಬಿಚ್ಚತೊಡಗಿದ.

"ಬಿಚ್ಚಿದ್ದು ತಿನ್ನಬೇಕ ನೋಡ ಬೇಟಾ, ಆರಿದ ಬಜಿ ನನ್ನ ಕೈಲೆ ಯಾರೂ ತಗೊಳ್ಳಂಗಿಲ್ಲ" ಎಂದಳು ಶರೀಫಾಬಿ.

ಒಂಬತ್ತನೆಯ ಪುಡಿಕೆಯಲ್ಲಿ ನೇರಳೆ ಬಣ್ಣ ಕಂಡಿತು. ಅಷ್ಟರಲ್ಲಿ ಹದಿನೆಂಟು ಮಿರ್ಚಿ ಬಜಿ ಅವನ ಹೊಟ್ಟೆ ಸೇರಿ, ಕಣ್ಣಲ್ಲಿ ನೀರು, ಕಿವಿಯಲ್ಲಿ ಹೊಗೆ.

ಇಪ್ಪತ್ತೊಂಬತ್ತನ್ನೂ ಹೊತ್ತು ಮನೆಯ ಹಿತ್ತಲಿಗೆ ಬಂದು ನೀರು ಕಾಯಿಸುವ ಒಲೆಗೆ ಹಾಕಿದ. ತಾಯಿ ಮುಮತಾಜಬಿ ಬಂದು, "ಈ ಬಿಸಲಾಗ ಯಾರ ಜಳಕಕ್ಕೋ ನೀರ ಕಾಸ್ತಿ?" ಎಂದು ಕೇಳಿದಳು. ಗಂಟೆ ಮೂರೂವರೆ. ಇನ್ನೊಂದು ಪ್ರತಿ ಎಲ್ಲಿ? ಅಂಗಡಿಗೆ ಬಂದರೆ ಬಾಷಾಸಾಬರು ಆಗಲೇ ಬಂದು, ಅತ್ತರು ಹಚ್ಚಿಕೊಂಡು, ಫ್ಯಾನಿನ ಕೆಳಗೆ ಕೂತಿದ್ದಾರೆ.

"ಎಲ್ಲಿ ಹೋಗಿದ್ದಿ? ಮುಖದಾಗ ಕಳೆ ಇಲ್ಲಲ್ಲ, ಸಾಹೇಬ್ರ ಮುಂದ ಹಿಂಗ ನಿಂದರಬ್ಯಾಡ" ಎಂದರು.

"ಬಂದೆ ಮಾಮಾ" ಎಂದು ಮತ್ತೆ ಹೊರಬಿದ್ದ ದಿಲಾವರನಿಗೆ ಪಕ್ಕದ ಅಂಗಡಿಯಿಂದ ಕಳಕೇಶನ ಕತ್ತರಿಯ ಸದ್ದು ಕೇಳಿಸಿತು. ಕಳಕೇಶ ದರ್ಜಿ, ಅವನ ಸಾಲಿಯ ಗೆಳೆಯ. ದಿಲಾವರ ಬಗ್ಗಿ ನೋಡಿದ. ಕಳಕೇಶ ಹಾಳೆಯಿಂದ ಕಾಲರಿನ ಅಳತೆ ಕತ್ತರಿಸುತ್ತಿದ್ದ. ಹಾಳೆಯ ತಲೆಯ ಮೇಲೆ ದಪ್ಪಕ್ಷರ: 'ಅರವತ್ಮೂರು ಗುಂಡಿಗಳು'.

"ಲೇ ಕಳಕ್ಯಾ! ಅದು ನನ್ನ ಪೇಪರು!"

"ನಿಂದು? ಹುಚ್ಚಪ್ಪ ನನಗ ಕೊಟ್ಟಾನ. ಗುಂಡಿ ಅಂತ ನೋಡಿ ನಮ್ಮ ಧಂದೇದ್ದು ಅನಕೊಂಡ ಓದಾಕ ಹತ್ತಿದ್ದೆ, ಎರಡು ಸಾಲಿಗೆ ತಲಿ ತಿರಗಿತು. ಅರವತ್ಮೂರು ಗುಂಡಿ ಯಾರ ಅಂಗಿಗೆ ಹಚ್ತಾರಲೇ?"

ದಿಲಾವರ ಹಾಳೆಗೆ ಕೈ ಹಾಕಿದ. ಲೇಖನ ಕಳಕೇಶನ ಕೈಯಲ್ಲೇ ಉಳಿಯಿತು, ಸ್ಟ್ಯಾಂಪಿದ್ದ ತುದಿ ಹರಿದು ದಿಲಾವರನ ಕೈಗೆ ಬಂತು. ಅದೇ ಹೊತ್ತಿಗೆ ಹೊರಗೆ ಕಾರು ನಿಂತ ಸದ್ದು. ಬಿಳಿ ಅಂಗಿಯ, ಕನ್ನಡಕದ, ಗಂಭೀರ ಮುಖದ ಹಿರಿಯರೊಬ್ಬರು ಇಳಿದು, "ದಿಲಾವರ ನದಾಫ ಅನ್ನಾವ್ರು ಯಾರ್ರಿ?" ಎಂದು ನೇರ ದರ್ಜಿಯ ಅಂಗಡಿಯೊಳಗೇ ಬಂದರು. ಹಿಂದೆಯೇ ಬಾಷಾಸಾಬರು.

ಎಸೆಯಲು ಜಾಗವಿಲ್ಲ, ಜೇಬಿಗೆ ಹಾಕಲು ಹೊತ್ತಿಲ್ಲ. ದಿಲಾವರ ಆ ತುಂಡನ್ನು ಬಾಯಿಗೆ ಹಾಕಿಕೊಂಡ.

"ಇವನ್ರಿ ದಿಲಾವರ, ನಮ್ಮ ಆಗೂ ಅಳಿಯಾ" ಎಂದರು ಬಾಷಾಸಾಬರು. ದಿಲಾವರ ಬಾಯಿ ಮುಚ್ಚಿಕೊಂಡೇ ನಮಸ್ಕರಿಸಿದ.

ಪ್ರಭುಲಿಂಗಪ್ಪ ತಮ್ಮ ಚೀಲದಿಂದ ಮಡಚಿದ ಹಾಳೆಯೊಂದನ್ನು ತೆಗೆದರು. ಡಂಗುರ! ನರಗುಂದದ ಪ್ರತಿ! ಆ ಕಟ್ಟಿನ ನೆನಪು ದಿಲಾವರನಿಗೆ ಇಡೀ ದಿನ ಆಗಿರಲಿಲ್ಲ. ಅದರ ಮೇಲೆ ಹೆಸರಿಲ್ಲ ಎಂಬುದೊಂದೇ ಅವನಿಗೆ ಉಳಿದ ಆಸರೆ.

"ಕೆಲಸದ ಮಾತು ಆಮ್ಯಾಲೆ. ಮೊದಲ ಒಂದು ಕೇಳ್ತೀನಿ. ಈ ಊರಾಗ ಕಂಪ್ಯೂಟರ್ ಬಲ್ಲಾಂವ ನೀವೊಬ್ರ ಅಂತ. ಇದನ್ನ ಬರದಾಂವ ಯಾರು? ನೀವ ಏನು?"

ದಿಲಾವರ ಅಲ್ಲವೆಂದು ಜೋರಾಗಿ ತಲೆಯಾಡಿಸಿದ. ಬಾಯೊಳಗಿನ ಕಾಗದ ನೆನೆದು ಉಬ್ಬಿತ್ತು.

"ನೀವಲ್ಲಾ? ಹಂಗಾರ ಯಾರು? ಖರೇ ಹೇಳ್ರಿ."

ಬಾಷಾಸಾಬರ ಕಣ್ಣು ಅವನ ಮೇಲೆ. ಪ್ರಭುಲಿಂಗಪ್ಪನವರ ಕಣ್ಣೂ ಅವನ ಮೇಲೆ. ಬಾಯಿ ತೆಗೆದರೆ ಸ್ಟ್ಯಾಂಪು ಬೀಳುತ್ತದೆ. ದಿಲಾವರ ಕೈಯೆತ್ತಿ ಎದುರಿಗಿದ್ದ ಕಳಕೇಶನನ್ನು ತೋರಿಸಿದ. ಕಳಕೇಶನ ಕೈಯಲ್ಲಿ ಆ ಲೇಖನ ಇನ್ನೂ ನೇತಾಡುತ್ತಿತ್ತು.

ಕಳಕೇಶ ಬೆಪ್ಪಾದ. ಗೆಳೆಯ ಕಣ್ಣಿನಲ್ಲೇ ಬೇಡುತ್ತಿದ್ದುದನ್ನು ನೋಡಿ, ಏನೋ ಕಷ್ಟದಲ್ಲಿದ್ದಾನೆ ಎಂದುಕೊಂಡು, "ಹೂನ್ರಿ, ನಾನ" ಎಂದುಬಿಟ್ಟ.

ಪ್ರಭುಲಿಂಗಪ್ಪ ಕನ್ನಡಕ ತೆಗೆದು ಅವನನ್ನೇ ದಿಟ್ಟಿಸಿದರು. ಈಗ ಬೈಗುಳ ಬೀಳುತ್ತದೆ ಎಂದು ದಿಲಾವರ ಕಣ್ಣು ಮುಚ್ಚಿದ.

"ಹಂಗಾರ ಹೇಳ್ರಿ. ಗುಂಡಿ ಎಲ್ಲಿರಬೇಕು?"

ಕಳಕೇಶನ ಮುಖ ಅರಳಿತು. ಹತ್ತು ವರ್ಷದ ಕಸುಬು. "ಕೈ ಎಲ್ಲಿ ಹೋಗತೈತಿ ಅಲ್ಲಿರಬೇಕ್ರಿ. ಗುಂಡಿ ಹುಡುಕಾಕ ಕನ್ನಡಿ ಬೇಕಾತು ಅಂದ್ರ ಅದು ಮಾಡಿದಾವನ ತಪ್ಪು, ಹಾಕ್ಕೊಂಡಾವಂದಲ್ಲ."

"ಅರವತ್ಮೂರು ಹೆಚ್ಚಾತೇನು?"

"ಅಯ್ಯ! ಹಾಕ್ಕೊಳ್ಳೂದ್ರಾಗ ಮದಿವಿ ಮುಗದು ಹೋಗತೈತ್ರಿ. ಆರು ಸಾಕು."

"ಎಲ್ಲಾ ಒಂದ ಬಣ್ಣ, ಒಂದ ಅಳತಿ ಇದ್ರ?"

"ತೋರಿಕೀದು ಬ್ಯಾರೆ, ಬಿಚ್ಚೂದು ಬ್ಯಾರೆ ಇರಬೇಕ್ರಿ. ಅವಸರದಾಗ ಬಿಚ್ಚಬಾರದ್ದನ್ನ ಬಿಚ್ಚಿದ್ರ ಮಾನ ಹೋಗತೈತಿ."

ಪ್ರಭುಲಿಂಗಪ್ಪ ಜೇಬಿನಿಂದ ಸಣ್ಣ ಡೈರಿ ತೆಗೆದು ಬರೆದುಕೊಳ್ಳತೊಡಗಿದರು. "ಆದ್ರ ನಮ್ಮ ಗಿರಾಕಿ ಎಲ್ಲಾರೂ ಚಲೋ ಐತಿ ಅಂತಾರಲ್ಲ?"

"ಗಿರಾಕಿ ಬಾಯಿ ಕೇಳಬಾರದ್ರಿ, ಮೈ ನೋಡಬೇಕು. ಬಾಯಿಲೆ ಚಲೋ ಆಗೇತಿ ಅಂತಾನ, ತೋಳ ಎತ್ತಾಕ ಬರದಂಗ ನಿಂತಿರತಾನ."

ಡೈರಿ ಮುಚ್ಚಿ ಪ್ರಭುಲಿಂಗಪ್ಪ ಕಳಕೇಶನ ಎರಡೂ ಕೈ ಹಿಡಿದುಕೊಂಡರು. "ನರಗುಂದದಾಗ ಉಂಡ ಎಲಿ ಬಿಟ್ಟು ಇದನ್ನ ಮೂರು ಸರ್ತಿ ಓದೀನ್ರಿ. ಮೂರು ವರ್ಷದಾಗ ಒಬ್ಬಾಂವನೂ ಖರೇ ಹೇಳಿರಲಿಲ್ಲ. ಬರದಾಂವ ಯಾರ ಇರಲಿ, ಹುಬ್ಬಳ್ಳಿಗೆ ಕರಕೊಂಡ ಹೋಗಿ ನನ್ನ ಬಾಜೂಕ ಕುಂಡರಸ್ಕೋತೀನಿ ಅಂತ ಅಲ್ಲೇ ಠರಾಯಿಸಿದೆ. ಸೋಮವಾರ ಬರ್ರಿ. ಪರದಿ ಮ್ಯಾಲ ಯಾವ ಗುಂಡಿ ಎಲ್ಲಿ ಇರಬೇಕು ಅಂತ ಹೇಳೂದಷ್ಟ ನಿಮ್ಮ ಕೆಲಸ."

ದಿಲಾವರ ಕಾಗದವನ್ನು ಒಂದೇ ಗುಟುಕಿಗೆ ನುಂಗಿ ಕೂಗಿದ.

"ಸರ್ರ! ನಾನ್ರಿ ಬರದಿದ್ದು! ನಾನ! ಇಂವ ದರ್ಜಿ, ಅಂಗಿ ಗುಂಡಿ ಹೇಳಾಕತ್ತಾನ್ರಿ!"

"ಸಾಕ್ಷಿ?"

ಸಾಕ್ಷಿಗಳು ಹಿತ್ತಲ ಒಲೆಯಲ್ಲಿ ಬೂದಿಯಾಗಿದ್ದವು. "ನನ್ನ ಸಿಕ್ಕಾ ಇತ್ರಿ ಪೇಪರ ಮ್ಯಾಲ... ಈಗ ನುಂಗಿದೆ" ಎಂದು ಅವನು ನಾಲಿಗೆ ಚಾಚಿದ. ನಾಲಿಗೆ ಬದನೆಕಾಯಿಯಂತೆ ನೇರಳೆಯಾಗಿತ್ತು. ಬಾಷಾಸಾಬರು ಮುಖ ತಿರುಗಿಸಿದರು.

ಪ್ರಭುಲಿಂಗಪ್ಪ ಮಾತ್ರ ಹತ್ತಿರ ಬಂದು ಆ ನಾಲಿಗೆಯನ್ನು ಚೆನ್ನಾಗಿ ನೋಡಿದರು. "ನಂಬತೀನಿ. ನೀವ ಬರದೀರಿ" ಎಂದರು. ದಿಲಾವರನಿಗೆ ಜೀವ ಬಂತು.

"ಆದ್ರ ನಮ್ಮ ಆಫೀಸಿನ್ಯಾಗ ಹನ್ನೆರಡು ಮಂದಿ ಅದಾರ್ರಿ. ಆ ಗುಂಡಿ ತಪ್ಪೈತಿ ಅಂತ ಹನ್ನೆರಡೂ ಮಂದೀಗೆ ಗೊತ್ತಿರಬೇಕು. ನನ್ನ ಮುಖಾ ನೋಡಿದ ಕೂಡಲೆ ಎಲ್ಲಾರೂ ನುಂಗಿಬಿಡ್ತಾರ. ಹದಿಮೂರನೇದಾಂವ ನನಗ ಬ್ಯಾಡ. ಈ ಮನಶ್ಯಾ ಬರೀಲಿಲ್ಲ ಖರೆ, ಕೇಳಿದ್ದಕ್ಕ ಎದ್ರಿಗೆ ನಿಂತು ಉತ್ತರಾ ಕೊಟ್ಟ. ಇಂವನ ಸಾಕು."

ಬಾಷಾಸಾಬರು ಮಗಳ ಮುಖ ನೆನೆದು ಕೈ ಜೋಡಿಸಿದರು. "ಸಾಹೇಬ್ರ, ಅದು ಹೋಗಲಿ. ಮೂರು ತಾಲೂಕಿಂದು ಕಲಿಸೂ ನೌಕರಿ ಇತ್ತಲ್ರೀ, ಅದನ್ನಾದ್ರೂ ಕೊಡ್ರಿ ಇವಗ."

"ಅದು ಇನ್ನ ಇಲ್ರಿ" ಎಂದರು ಪ್ರಭುಲಿಂಗಪ್ಪ, ಕಾರಿನ ಕಡೆ ನಡೆಯುತ್ತ. "ಗುಂಡಿ ಸರಿ ಆದಮ್ಯಾಲೆ ಮಂದಿ ಯಾಕ ಸಿಕ್ಕೊಳ್ತಾರ? ಕಲಿಸಾಂವ ಯಾಕ ಬೇಕು? ಇವರ ಬರದಾರಲ್ಲ, ಚಲೋ ಪ್ರೋಗ್ರಾಮಿಗೆ ಮಾಸ್ತರ ಬೇಕಾಗೂದಿಲ್ಲ ಅಂತ. ಕಡೀ ಸಾಲು ಅದ ಐತಿ."

ಕಾರು ಹೋಯಿತು. ಬಾಷಾಸಾಬರು ಬಸ್ ಸ್ಟ್ಯಾಂಡಿನ ಹಾದಿ ಹಿಡಿದರು. ಕಳಕೇಶ ಪಾಪದ ಮುಖ ಮಾಡಿಕೊಂಡು, "ನಾ ಹೋಗಾಂಗಿಲ್ಲ ಬಿಡಲೇ ದೋಸ್ತ. ನಾಳೆ ಫೋನ್ ಮಾಡಿ ಹೇಳ್ತೀನಿ" ಎಂದ. ದಿಲಾವರ ತಲೆ ಅಲ್ಲಾಡಿಸಿದ. "ಹೋಗು. ನೀ ಹೇಳಿದ್ದೆಲ್ಲಾ ಖರೇನ ಐತಿ. ಒಂದೂ ತಪ್ಪಿಲ್ಲ" ಎಂದ. ಅವನಿಗೆ ಅತ್ಯಂತ ಸಂಕಟದ ಸಂಗತಿ ಅದೇ ಆಗಿತ್ತು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಶಹನಾಜಳ ಫೋನು ಬಂತು. ದನಿಯಲ್ಲಿ ನಗೆ ಉಕ್ಕುತ್ತಿತ್ತು.

"ಪೇಪರ ನೋಡಿದೆ. ದವಾಖಾನಿಯಾಗ ಎಲ್ಲಾರೂ ಓದಿದ್ರು, ಡಾಕ್ಟರೂ ನಕ್ಕರು. ಹೆಸರ ಇಲ್ದಿದ್ರೇನಾತು, ನನ್ನ ಮಾತ ನನಗ ಗೊತ್ತಾಗಂಗಿಲ್ಲೇನು? ನೀವ ಬರದೀರಿ ಹೌದಲ್ಲ?"

"ಹೌದು" ಎಂದ ದಿಲಾವರ. ಇಡೀ ದಿನದಲ್ಲಿ ಆ ಮಾತು ಅಷ್ಟು ಸಲೀಸಾಗಿ ಬಂದದ್ದು ಅದೊಂದೇ ಸಲ. "ಶಹನಾಜ, ಇಳಕಲ್ಲಿನವ್ರ ಬಗ್ಗೆ ಅಬ್ಬಾ ಏನಂತಾರ?"

"ಈಗ ಬಂದಾರ. ನೌಕರಿ ಹೆಂಗ ತಪ್ಪಿತು ಅಂತ ಎಲ್ಲಾ ಹೇಳಿದ್ರು. ನಾನೂ ಕೇಳಿದೆ, ಅವರಿಗೆ ಇನ್ನೊಂದು ಅವಕಾಶ ಕೊಡ್ರಿ, ಮುಂದ ಏನ್ ಮಾಡಬೇಕು ಹೇಳ್ರಿ ಅಂತ. ತಡೀರಿ, ಅಬ್ಬಾ ಇಲ್ಲೇ ಅದಾರ, ಅವರ ಹೇಳ್ತಾರ."

ಫೋನು ಕೈ ಬದಲಾಯಿಸಿದ ಸದ್ದಾಯಿತು. ಬಾಷಾಸಾಬರು ಕೆಮ್ಮಿ ಗಂಟಲು ಸರಿಮಾಡಿಕೊಂಡರು.

"ದಿಲಾವರ, ಮೂರು ತಿಂಗಳ ಟೈಮ್ ಕೊಡ್ತೀನಿ. ಆ ಕಂಪ್ಯೂಟರ್ ಮಾರಿಬಿಡು. ಸಾಫ್ಟ್‌ವೇರ್ ನೌಕರಿ ಬೇಕಂದ್ರ ಮೊದಲ ಹೊಲಿಗಿ ಕಲಿ."